ನಾಲ್ಕು ಡಿಗ್ರಿ ಮಳೆ

ಕಾರ್ತಿಕದ ಆ ಭಾನುವಾರ ಸಮುದ್ರದಾಚೆಯ ಸ್ಟ್ರೀಟ್ಸ್‌ವಿಲ್ಲಿನ ಸದಾಶಿವರ ಮನೆಯಲ್ಲಿ ಕಾವ್ಯವಾಚನ ನಡೆಯಬೇಕಾಗಿತ್ತು. ಮಣೆ ಹಾಕಿಯಾಗಿತ್ತು, ದೀಪ ಹಚ್ಚಿಯಾಗಿತ್ತು, ವ್ಯಾಸಪೀಠದ ಮೇಲೆ ಪುಸ್ತಕ ತೆರೆದಿಟ್ಟಾಗಿತ್ತು. ಓದಬೇಕಾದವರು ಮಾತ್ರ ಬರಲಿಲ್ಲ. ಯೂನಿಯನ್‌ವಿಲ್ಲಿನಿಂದ ಹೊರಟವರು ಹೆದ್ದಾರಿಯ ಮಳೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಮುಂದೆ ಯಾವುದೋ ಲಾರಿ ಅಡ್ಡ ಬಿದ್ದಿದೆ, ಕಾಯಬೇಡಿ ಎಂದು ಫೋನು ಬಂತು. ಸಂಜೆ ಐದೂವರೆಯಷ್ಟೇ ಆಗಿದ್ದರೂ ನವೆಂಬರಿನ ಕತ್ತಲು ಕಿಟಕಿಗೆ ಅಂಟಿಕೊಂಡಿತ್ತು. ಮಳೆ ಮಾತ್ರ ಬಿಡುವ ಸೂಚನೆಯಿಲ್ಲದೆ ಒಂದೇ ಸಮನೆ ಸುರಿಯುತ್ತಿತ್ತು.

ಬಂದಿದ್ದವರು ಮೂರೇ ಮಂದಿ. ಭಾನುಮತಿ ಗೋಡೆಗೆ ಒರಗಿ, ಸೆರಗು ಹೊದ್ದು, ಓದು ನಡೆಯುತ್ತಲೇ ಇದೆಯೇನೋ ಎಂಬಂತೆ ಕೈಮುಗಿದು ಕುಳಿತಿದ್ದಳು. ದೀಪವಿರುವ ಕಡೆ ಅವಳು ಕೂರುವುದೇ ಹಾಗೆ. ಅವಳು ತನ್ನ ಕಾರಿನಲ್ಲಿ ಕರೆತಂದಿದ್ದ ಬಸವಂತಪ್ಪನವರು ಎಂಬತ್ತೆರಡರ ಮುದುಕರು, ಹುಬ್ಬಳ್ಳಿಯ ಕಡೆಯವರು, ನಿವೃತ್ತ ಎಂಜಿನಿಯರು. ಊರಿನ ಕನ್ನಡಿಗರಿಗೆಲ್ಲ ಕಾಕಾ. ಮೂರನೆಯವನು ಬೆಂಗಳೂರಿನ ಧೀರಜ್, ಸಾಫ್ಟ್‌ವೇರ್ ಕೆಲಸದವನು. ಯಾವಳನ್ನೋ ಪ್ರೀತಿಸಿದಂತೆ ಒಂದು ನಲವತ್ತೈದು ವರ್ಷದ ಹಳೆಯ ಕಾರನ್ನು ಬಾಡಿಗೆ ಗ್ಯಾರೇಜಿನಲ್ಲಿಟ್ಟು ರಿಪೇರಿ ಮಾಡುತ್ತಿದ್ದ.

"ಸಿಗ್ಲಿಲ್ಲ ಅಂಕಲ್, ಬಿಟ್ಟೇಬಿಟ್ಟೆ," ಎಂದು ಅವನು ಸದಾಶಿವರ ಹತ್ತಿರ ಗೋಳಾಡುತ್ತಿದ್ದ. "ಎಂಟು ತಿಂಗ್ಳಾಯ್ತು. ಜರ್ಮನಿ, ಪೋರ್ಚುಗಲ್ ಎಲ್ಲಾ ಕಡೆ ಕೇಳ್ದೆ. ಹಳೇ ಕಾರಿನ ಗ್ರೂಪಲ್ಲಿ ಎಲ್ರೂ ಹೇಳೋದೊಂದೇ. ಇಂಜಿನ್‌ಗೆ ಬಿಸಿ ಗಾಳಿ ಕೊಡೋ ಪಾರ್ಟ್ ಅದು, ಇಲ್ದಿದ್ರೂ ನಡೆಯತ್ತೆ, ತೂತಿಗೊಂದು ತಗಡು ಬಡಿದು ಮುಚ್ಚು ಅಂತ. ನಾಳೆ ಮುಚ್ಬಿಡ್ತೀನಿ."

"ಹುಡುಗಿ ಹುಡುಕೋ ಅಂದ್ರೆ ಟೈಮಿಲ್ಲ ಅಂತೀಯ, ತಗಡು ಹುಡುಕೋಕೆ ಎಂಟು ತಿಂಗ್ಳು ಎಲ್ಲಿಂದ ಬಂತಪ್ಪಾ?" ಎಂದರು ಸದಾಶಿವ.

ಎಲ್ಲರೂ ನಕ್ಕರು. ಬಸವಂತಪ್ಪನವರು ನಗಲಿಲ್ಲ. ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು ಕೇಳಿದರು:

"ಹೊರಗ ಎಷ್ಟು ಡಿಗ್ರಿ ಐತಿ?"

ಧೀರಜ್ ಫೋನು ನೋಡಿದ. "ನಾಲ್ಕು, ಕಾಕಾ."

ಮುದುಕರು ಮಣೆಯ ಕಡೆ ಸರಿದು, ಮಣೆಯ ಮೇಲೆ ಕೂರದೆ ಅದರ ಪಕ್ಕ ನೆಲದ ಮೇಲೆಯೇ ಕುಳಿತರು.

"ಹಂಗಾದ್ರ ಕೇಳ್ರಿ. ಓದಾವ್ರು ಬರಂಗಿಲ್ಲ ಅಂದಮ್ಯಾಲ ಯಾರರ ಒಬ್ರು ಹೇಳಬೇಕಲ್ಲ… ನಾ ಹೇಳೂದು ಪುರಾಣ ಅಲ್ಲ. ವೀರಭದ್ರಪ್ಪನ ಕತಿ. ಅಂವಾ ಹುಬ್ಬಳ್ಳಿಯಾಗ ನಮ್ಮ ಓಣ್ಯಾಂವ, ಇಲ್ಲಿ ಬಂದು ಕಾಲೇಜಿನ್ಯಾಗ ಲೆಕ್ಕ ಕಲಿಸಾಂವ, ಪೋರ್ಟ್ ಕ್ರೆಡಿಟ್‌ನ್ಯಾಗ ಸರೋವರದ ಸಮೀಪ ಒಂದು ಸಣ್ಣ ಮನಿ ಮಾಡಿದ್ದ. ಹೇಣ್ತಿ ಗಿರಿಜವ್ವ. ಮಕ್ಕಳಿರಲಿಲ್ಲ, ಮಕ್ಕಳ ಬದಲಿ ಒಂದು ಕಾರಿತ್ತು… ಯುರೋಪಿನ ಸಣ್ಣ ಕಾರು, ಹಸರು ಬಣ್ಣದ್ದು. ಕಂಪನಿ ಹೆಸರು ಕೇಳಬ್ಯಾಡ್ರಿ, ತಪ್ಪು ಕಂಪನೀದಲ್ಲ. ತಪ್ಪು ಯಾರದು ಅನ್ನೂದನ್ನ ಹೇಳಾಕನ ಕುಂತೇನಿ.

"ಈ ತಮ್ಮ ಹುಡುಕಾಕ ಹತ್ತಿದ್ದು ಏನು ಮಾಡತೈತಿ ಗೊತ್ತೇನು ಭಾನವ್ವಾ? ಇಂಜಿನ್ನಿನ ಹೊಗಿ ಹೋಗೂ ಕಬ್ಬಿಣದ ಕೊಳವಿ ಕಾದು ಕೆಂಡ ಆಗಿರತೈತಿ. ಅದರ ಮ್ಯಾಲ ಟೊಪಗಿ ಇಟ್ಟಂಗ ಒಂದು ತಗಡು ಕುಂದರತೈತಿ. ಆ ತಗಡಿನಿಂದ ಒಂದು ಪೈಪು ಎದ್ದು ಇಂಜಿನ್ ಉಸರಾಡೂ ಡಬ್ಬಿಗೆ ಹೋಗಿ ಸೇರತೈತಿ. ಡಬ್ಬಿಯೊಳಗ ಒಂದು ಸಣ್ಣ ಬಾಗಲಾ… ಥಂಡಿ ಇದ್ರ ಬಿಸಿ ಗಾಳಿ ಒಳಗ ಬಿಡತೈತಿ, ಬಿಸಲಿದ್ರ ತಾನ ಮುಚ್ಚಕೋತೈತಿ. ಇಷ್ಟ. ಕೈಯಾಗ ಹಿಡದ್ರ ಹಳೇ ಡಬ್ಬಿ ಮುಚ್ಚಳದಂಗ ಇರತೈತಿ. ಯಾರಿಗೆ ಅನಸತೈತಿ, ಇದರ ಮ್ಯಾಲ ಒಬ್ಬ ಮನಷ್ಯಾನ ಜೀವ ನಿಂತೈತಿ ಅಂತ?

"ಎಂಬತ್ತೇಳರ ಆಗಸ್ಟ್. ವೀರಭದ್ರ ಬಂದು 'ಬಸವಂತಾ, ಗಾಡಿ ಎಳಿವಲ್ತು' ಅಂದ. ನಾ ಇಲ್ಲಿ ಬರೂ ಮದ್ಲ ಹುಬ್ಬಳ್ಳಿಯಾಗ ವರ್ಕ್‌ಶಾಪಿನ್ಯಾಗ ಎಂಟು ವರ್ಷ ಕೈ ಕರಿ ಮಾಡಿಕೊಂಡಾಂವ. ನಮ್ಮ ವರ್ಕ್‌ಶಾಪಿಗೆ ಇಂಥಾ ಕಾರು ಬಂತಂದ್ರ ಮದಲು ಮಾಡೂ ಕೆಲಸ ಯಾವುದು? ಈ ತಗಡು ಬಿಚ್ಚಿ ಒಗಿಯೂದು! ನಲವತ್ತು ಡಿಗ್ರಿ ಬಿಸಲಾಗ ಬೇಯಾಕ ಹತ್ತಿದ ಇಂಜಿನ್‌ಗೆ ಮತ್ತ ಬಿಸಿ ಗಾಳಿ ಊದಿದ್ರ ಅದು ಎಳಿಯೂದು ಹ್ಯಾಂಗ? ನಮ್ಮ ಉಸ್ತಾದ ಕಲಿಸಿದ್ದು ಅದನ್ನ, ಅವಂಗ ಅವನ ಉಸ್ತಾದ ಕಲಿಸಿದ್ದು ಅದನ್ನ. ಸಮುದ್ರ ದಾಟಿ ಬಂದು ಹದಿಮೂರು ವರ್ಷ ಆಗಿತ್ತು, ಹದಿಮೂರು ಚಳಿಗಾಲ ಕಂಡಿದ್ದೆ… ಆದ್ರ ಕೈ ಇನ್ನೂ ಹುಬ್ಬಳ್ಳಿಯಾಗನ ಇತ್ತು ನೋಡ್ರಿ. ಬಾನೆಟ್ ಎತ್ತಿದೆ, ತಗಡು ಬಿಚ್ಚಿದೆ, ಪೈಪು ಕಿತ್ತೆ, ಬಾಗಲಾ ಕಿತ್ತೆ. ಸ್ಕ್ರೂ ಕಳೀಬಾರದಂತ ಸಣ್ಣದರಿಂದ ದೊಡ್ಡದರ ತನಕ ಸಾಲಾಗಿ ಅರಿಬಿ ಮ್ಯಾಲ ಹಚ್ಚಿಡೂದು ನನ್ನ ರೂಢಿ, ಏಳು ಸ್ಕ್ರೂ ಹಚ್ಚಿಟ್ಟೆ. ಗಿರಿಜವ್ವ ಗಿರ್ಮಿಟ್ ಮಾಡಿ ತಂದಳು. ಮೂವರೂ ಗಾಡ್ಯಾಗ ಕುಂತು ಸರೋವರದ ದಂಡಿಗುಂಟ ಒಂದು ಸುತ್ತು ಹೊಡದ್ವಿ. ಹಕ್ಕಿ ಹಾರಿದಂಗ ಹಾರಿತು ಗಾಡಿ! ಅಂವಾ ನನ್ನ ಬೆನ್ನು ಚಪ್ಪರಿಸಿ, 'ಎಂಜಿನಿಯರ್ ಅಂದ್ರ ನೀನಪಾ' ಅಂದ…"

ಧೀರಜ್ ಗೋಡೆ ಬಿಟ್ಟು ಮುಂದೆ ಬಾಗಿದ್ದ.

"ನವೆಂಬರ್ ಬಂತು. ಹದಿನೇಳನೇ ತಾರೀಖು. ಹಿಂಗನ ಮಳಿ. ಹಿಂಗನ ನಾಲ್ಕು ಡಿಗ್ರಿ. ಅಂವಾ ಕಾಲೇಜು ಮುಗಿಸಿಕೊಂಡು ಕ್ರೆಡಿಟ್ ನದಿ ಬ್ರಿಜ್ಜಿನ ಮ್ಯಾಲ ಬರಾಕ ಹತ್ತಿದ್ದ. ನಡೂ ಬ್ರಿಜ್ಜಿನ ಮ್ಯಾಲ ಗಾಡಿ ನಿಂತಿತು. ಅಂವಾ ಲೆಕ್ಕದ ಮನಷ್ಯಾ, 'ಕಾರಣ ಇಲ್ದ ಏನೂ ಆಗಂಗಿಲ್ಲ ಬಸವಂತಾ' ಅನ್ನಾಂವ. ಗಾಡ್ಯಾಗ ಸುಮ್ಮ ಕುಂದ್ರಲಿಲ್ಲ. ಕಾರಣ ಹುಡುಕಾಕ ಇಳದ. ಆ ಮಳ್ಯಾಗ ಬಾನೆಟ್ ಎತ್ತಿ, ಬಗ್ಗಿ ನೋಡಾಕ ಹತ್ತಿದ್ದ… ಎದುರಿಂದ ಬಂದ ಗಾಡಿ ಜಾರಿ ಬಂದು ಅವನ್ನ ಒಯ್ತು. ಅವನೊಬ್ಬನ್ನ. ಕಾರಿಗೆ ಒಂದು ಗೀರು ಬೀಳಲಿಲ್ಲ.

"ಅರ್ಧ ತಾಸು ಬಿಟ್ಟು ಪೊಲೀಸಿನಾಂವ ಕಾರು ಬಾಜೂಕ ಇಡಾಕಂತ ಕೀ ತಿರುವಿದ್ರ… ಒಂದ ಸಲಕ್ಕ ಶುರು ಆತು! ಟ್ಯಾಂಕಿನ್ಯಾಗ ಎಣ್ಣಿ ಇತ್ತು, ಬ್ಯಾಟರಿ ಚೊಲೋ ಇತ್ತು. ಗಾಡ್ಯಾಗ ಏನೂ ದೋಷ ಇಲ್ಲ ಅಂತ ಬರಕೊಂಡ. ಅಂವಾ ಬರದಿದ್ದು ಖರೇನ ಇತ್ತು. ಯಾಕಂದ್ರ ದೋಷ ಕರಗಿ ಹೋಗಿತ್ತು.

"ಹ್ಯಾಂಗ ಅಂತೀರೇನು? ದವಾಖಾನ್ಯಾಗ ಸೂಜಿ ಮಾಡೂ ಮದ್ಲ ತೋಳಿಗೆ ಸ್ಪಿರಿಟ್ ಹಚ್ಚಿದ್ರ ತಣ್ಣಗ ಅನಸಂಗಿಲ್ಲೇನು? ಪೆಟ್ರೋಲೂ ಹಂಗನ. ಗಾಳ್ಯಾಗ ಕೂಡೂ ಹೊತ್ತಿನ್ಯಾಗ ಕಾರ್ಬುರೇಟರಿನ ಗಂಟಲಾ ತಣ್ಣಗ ಮಾಡತೈತಿ. ಒಣಾ ಥಂಡಿ ಇದ್ರ ಚಿಂತಿಲ್ಲ, ಜನವರಿ ಥಂಡಿ ಏನೂ ಮಾಡಂಗಿಲ್ಲ. ಆದ್ರ ಮಳಿ ಇದ್ದು, ಮೂರು ನಾಲ್ಕು ಡಿಗ್ರಿ ಇದ್ದು, ಗಾಳಿ ಒದ್ದಿ ಆಗಿದ್ರ… ಆ ಗಂಟಲಾಗ ಬರ್ಫ ಕಟ್ಟತೈತಿ. ಇಂಜಿನ್ ಉಸರು ಕಟ್ಟಿ ಸಾಯತೈತಿ. ಹತ್ತು ನಿಮಿಷ ಬಿಡ್ರಿ, ಇಂಜಿನ್ನಿನ ಕಾವು ಮ್ಯಾಲ ಏರಿ ಬರ್ಫ ಕರಗಿ ನಾಕ ಹನಿ ನೀರಾಗಿ ಹೋಗತೈತಿ. ಸಾಕ್ಷಿ ಎಲ್ಲಿಂದ ಉಳೀಬೇಕು? ಅದಕ್ಕನ ಆ ತಗಡು. ಅದಕ್ಕನ ಆ ಬಿಸಿ ಗಾಳಿ. ನಾ ಬಿಚ್ಚಿ ಒಗದಿದ್ದು.

"ಆ ಅಕ್ಟೋಬರ್‌ನ್ಯಾಗ ಕಾಲೇಜಿನವರು ಮುಂದಿನ ವರ್ಷಕ್ಕ ಕೆಲಸ ಇಲ್ಲಂತ ಅವಂಗ ಕಾಗದಾ ಕೊಟ್ಟಿದ್ರು. ಮಂದಿಗೆ ಅಷ್ಟು ಸಾಕಾತು. ಗಾಡಿಗೆ ಏನೂ ಆಗಿಲ್ಲಂದ್ರ ಅಂವಾ ನಡೂ ಬ್ರಿಜ್ಜಿನ ಮ್ಯಾಲ ಯಾಕ ನಿಂತ? ಮಳ್ಯಾಗ ರಸ್ತೆದಾಗ ಯಾಕ ಇಳದ? ಬಾಯಿ ಬಿಟ್ಟು ಯಾರೂ ಅನ್ನಲಿಲ್ಲ… ಆದ್ರ ಗಿರಿಜವ್ವನ ಮನಿಗೆ ಮಾತಾಡಸಾಕ ಹೋಗಾವ್ರು ಕಡಿಮಿ ಆದ್ರು, ಅಕಿ ಮುಂದ ಮಾತು ಮೆತ್ತಗ ಆದ್ವು. ಹನ್ನೊಂದನೇ ದಿನ ಅಕಿ ನನ್ನ ಕೇಳಿದ್ಲು, 'ಅಣ್ಣಾರ, ನಿಮಗ ಗಾಡಿ ತಿಳೀತೈತಿ. ಅವರು ಯಾಕ ನಿಂತ್ರು? ನನ್ನ ಬಿಟ್ಟು ಹೋಗಬೇಕಂತ ನಿಂತ್ರೇನು?' ನಾ ಅಂದೆ… 'ದೇವರಿಗೆ ಗೊತ್ತು ತಂಗೀ.'

"ದೇವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು."

ಸದಾಶಿವರು ಬತ್ತಿಯನ್ನು ಮುಂದಕ್ಕೆ ದೂಡಲು ಎದ್ದವರು ಅಲ್ಲೇ ನಿಂತುಬಿಟ್ಟರು. ಆ ಹೆಂಗಸು ಕೇಳಿದ ಪ್ರಶ್ನೆ ತನ್ನ ಮಡಿಲಲ್ಲೇ ಬಂದು ಬಿದ್ದ ಹಾಗಾಯಿತು ಭಾನುಮತಿಗೆ.

"ಇಪ್ಪತ್ತೊಂಬತ್ತು ವರ್ಷ ಆತು. ಎರಡು ಸಾವಿರದ ಹದಿನಾರು. ಒಂದು ದಿವಸ ಗಿರಿಜವ್ವ ಫೋನ್ ಮಾಡಿ, 'ಅಣ್ಣಾರ, ಗ್ಯಾರೇಜಿಗೆ ಒಂದೀಟು ಬಂದು ಹೋಗ್ರಿ' ಅಂದ್ಲು. ಹೋದೆ. ಆ ಹಸರು ಕಾರು ಅಲ್ಲೇ ಇತ್ತು, ಅಕಿ ಮಾರಿರಲಿಲ್ಲ, ವಾರಕ್ಕೊಮ್ಮಿ ಅರಿಬಿಲೆ ಒರಸ್ತಿದ್ಲು. ಬಾನೆಟ್ ತೆರದಿತ್ತು. 'ನಾ ತೆರದಿಲ್ಲ' ಅಂದ್ಲು. 'ಇದು ಇವತ್ತಿಂದಲ್ಲ ಅಣ್ಣಾರ. ಅವರು ಹೋದ ಮರು ವರ್ಷದಿಂದ ಹಿಂಗನ. ಈ ಥರಾ ಥಂಡಿ ಮಳಿ ಬಂದಾಗೊಮ್ಮಿ ಬಾನೆಟ್ ತೆರದಿರತೈತಿ, ನಾ ಬಂದು ಮುಚ್ತೇನಿ. ಹಿಮ ಬಿದ್ದಾಗ ಇಲ್ಲ, ಬ್ಯಾಸಗಿ ಮಳ್ಯಾಗ ಇಲ್ಲ. ನೀವು ನಗ್ತೀರಂತ ಹೇಳಿರಲಿಲ್ಲ. ಈಗ ನನಗೂ ವಯಸ್ಸಾತು, ಮನಿ ಬಿಟ್ಟು ವೃದ್ಧರ ಮನಿಗೆ ಹೋಗ್ರಿ ಅಂತಾರ ಡಾಕ್ಟರು. ಅವರನ್ನ ಇಲ್ಲೆ ಮಳ್ಯಾಗ ನಿಲ್ಲಿಸಿ ನಾ ಹ್ಯಾಂಗ ಹೋಗಲಿ? ಅವರು ಏನು ಹುಡುಕಾಕ ಹತ್ಯಾರ ಅಣ್ಣಾರ?'

"ಬಾನೆಟ್ಟಿನ ಒಳಬಾಜೂ ಮುಟ್ಟಿ ನೋಡಿದೆ. ಗ್ಯಾರೇಜಿನ ಬಾಗಲಾ ಹಾಕಿತ್ತು, ಸೂರು ಭದ್ರ ಇತ್ತು. ಬಾನೆಟ್ಟಿನ ಒಳಗ ಮಳೀ ನೀರು ಹನಿ ಹನಿ ಇಳ್ಯಾಕ ಹತ್ತಿತ್ತು.

"ಆವಾಗರ ಹೇಳಬೇಕಿತ್ತು. ಹೇಳಿದ್ನೇನು? ಇಲ್ಲ. ಮನಿಗೆ ಹೋಗಿ ವಿಚಾರ ಮಾಡಿದೆ… ಅಂವಾ ತಗಡು ಹುಡುಕಾಕ ಹತ್ಯಾನ, ತಗಡು ತಂದು ಹಾಕಿದ್ರ ಮುಗೀತು, ಹೇಳೂದು ಯಾಕ ಬೇಕು? ಹಿಂಗಂದುಕೊಂಡು ಹುಡುಕಾಕ ಹೊಂಟೆ ನೋಡ್ರಿ. ಧೀರಜಾ, ನಿಂದು ಎಂಟು ತಿಂಗಳೇನು? ನಂದು ಎರಡು ವರ್ಷ. ಹಳೇ ಗಾಡಿ ಮುರಿಯೂ ಅಂಗಳ ಒಂದೊಂದು ತಿರುಗಿದೆ, ಅರ್ಧಕ್ಕರ್ಧ ಅಂಗಳದಾಗ ಈಗ ಕಾಂಡೋ ಕಟ್ಟಡ ನಿಂತಾವ. ಹಳೇ ಕಾರಿನ ಸಂತಿಗೆ ಹೋದೆ, ಒಬ್ಬಾಂವ ಪೆಟ್ಟಿಗಿ ತಳದಿಂದ ತಗಡು ತಗದುಕೊಟ್ಟ, ಕುಣಕೋಂತ ಬಂದು ಹಿಡದು ನೋಡಿದ್ರ ದೊಡ್ಡ ಇಂಜಿನ್ನಿಂದು, ತೂತಿಗೆ ತೂತು ಒಂದು ಬೆರಳು ಆಚೀಚೆ. ನಾನ ತಗಡು ಕತ್ತರಿಸಿ ಬಡದೆ, ಎರಡು ದಿನಕ್ಕ ಸೀಳಿತು…"

"ಪೈಪಿಗೆ ಬಟ್ಟೆ ಡ್ರೈಯರ್‌ದು ಹಾಕ್ಬೋದಿತ್ತಲ್ಲ ಕಾಕಾ," ಎಂದ ಧೀರಜ್ ಮೆಲ್ಲಗೆ.

"ಪೈಪು ಹಾಕಬಹುದು ತಮ್ಮಾ. ಆ ಸಣ್ಣ ಬಾಗಲಾ ಎಲ್ಲಿಂದ ತರ್ತೀ? ಅದರೊಳಗ ಮೇಣದ ಗುಳಿಗಿ ಇರತೈತಿ, ಕಾವಿಗೆ ಉಬ್ಬಿ ಬಾಗಲಾ ಮುಚ್ಚೂದು ಅದು. ಪೋರ್ಚುಗಲ್‌ನಿಂದ ಒಂದು ತರಿಸಿದೆ. ಬಂದ ದಿವಸನ ಬಿಸಿನೀರಿನ ವಾಟಿಗ್ಯಾಗ ಅದ್ದಿ ನೋಡಿದ್ರ ಅಲುಗಲಿಲ್ಲ, ಗುಳಿಗಿ ಸತ್ತಿತ್ತು. ಇನ್ನೊಂದು ತರಿಸಿದೆ, ಅದೂ ಸತ್ತಿತ್ತು. ಎಷ್ಟು ಹೆಣ ತರಿಸೇನೋ ಶಿವನ ಬಲ್ಲ… ಕಡೀಕ ಯೂನಿಯನ್‌ವಿಲ್‌ನ್ಯಾಗ ಒಬ್ಬಾಕಿ ತೀರಿಕೊಂಡ ತನ್ನ ಅಪ್ಪನ ಗ್ಯಾರೇಜು ಖಾಲಿ ಮಾಡಾಕ ಹತ್ಯಾಳಂತ ಸುದ್ದಿ ಬಂತು. ಹೋದೆ. ಬಿಸ್ಕೀಟಿನ ಡಬ್ಬ್ಯಾಗ, ಎಣ್ಣಿ ಕಾಗದದಾಗ ಸುತ್ತಿಟ್ಟಿದ್ದು, ನಂಬರ್ ಸರಿ, ಅಳತಿ ಸರಿ, ತಗಡು, ಪೈಪು, ಬಾಗಲಾ, ಮೂರೂ. ಬಿಸಿನೀರು ಕೇಳಿ ಅಲ್ಲೇ ಅದ್ದಿದೆ. ಕೂಸು ನಿದ್ದಿಗೆ ಕಣ್ಣು ಮುಚ್ಚಿದಂಗ ಮುಚ್ಚಕೊಂತು! ನನ್ನ ಕಣ್ಣಾಗ ನೀರು ಬಂದ್ವು. ಆಕಿ ಪಾಪ ಗಾಬರಿಯಾಗಿ ನನಗ ಕುರ್ಚಿ ತಂದು ಕೊಟ್ಟಳು.

"ಹದಿನೆಂಟರ ಅಕ್ಟೋಬರ್‌ನ್ಯಾಗ ಕೂಡ್ರಿಸಿದೆ. ಗಿರಿಜವ್ವ ಬಾಜೂಕ ನಿಂತು, 'ಇದೇನ್ರಿ ಅಣ್ಣಾರ, ಮದ್ಲ ಇದು ಇರಲಿಲ್ಲೇನು?' ಅಂತ ಕೇಳಿದ್ಲು. 'ಹಳೇದು ತುಕ್ಕು ಹಿಡದಿತ್ತು ತಂಗೀ' ಅಂದೆ. ಎಷ್ಟು ಸಲೀಸ ಬಂತು ಆ ಮಾತು… ಸ್ಕ್ರೂ ಬಿಗಿ ಮಾಡಿದೆ, ಏಳೂ. ಕೈ ತೊಳಕೊಂಡು ಮನಿಗೆ ಬಂದು ಮೂವತ್ತು ವರ್ಷದಾಗ ಮಲಗಿರದಂಥಾ ನಿದ್ದಿ ಮಲಗಿದೆ.

"ಮುಂದಿನ ವಾರ ಮಳಿ ಬಂತು. ಅಕಿ ಫೋನ್ ಬಂತು. ಹೋಗಿ ನೋಡತೇನಿ… ಬಾನೆಟ್ ತೆರದೈತಿ. ತಗಡು, ಪೈಪು, ಬಾಗಲಾ ಬಿಚ್ಚಿ ಕಟ್ಟಿ ಮ್ಯಾಲ ಇಟ್ಟೈತಿ. ಬಾಜೂಕ ಒಂದು ಅರಿಬಿ ಹಾಸೈತಿ. ಅರಿಬಿ ಮ್ಯಾಲ ಏಳು ಸ್ಕ್ರೂ… ಸಣ್ಣದರಿಂದ ದೊಡ್ಡದರ ತನಕ, ಸಾಲಾಗಿ.

"ಆ ರೂಢಿ ಅವಂದಲ್ಲ. ನಂದು.

"ಮತ್ತ ಕೂಡ್ರಿಸಿದೆ. ಮುಂದಿನ ಮಳಿಗೆ ಮತ್ತ ಬಿಚ್ಚಿತ್ತು. ಮತ್ತ ಕೂಡ್ರಿಸಿದೆ. ಮತ್ತ ಬಿಚ್ಚಿತ್ತು. ಮೂರನೇ ಸಲ ಗಿರಿಜವ್ವ ಆ ಸಾಲನ್ನ ಭಾಳ ಹೊತ್ತು ನೋಡಿದ್ಲು. ಅಕಿ ಎಂಬತ್ತೇಳರ ಆಗಸ್ಟ್‌ನ್ಯಾಗ ಗಿರ್ಮಿಟ್ ತಂದು ಇಟ್ಟಾಗ ಆ ಸಾಲು ಕಂಡಿದ್ಲಲ್ಲ… ಮೆಲ್ಲಕ ಕೇಳಿದ್ಲು, 'ಅಣ್ಣಾರ, ಮದಲನೇದನ್ನ ಯಾರು ಬಿಚ್ಚಿದ್ರು?'

"ಹೇಳಿದೆ. ಬಿಸಲು, ಹುಬ್ಬಳ್ಳಿ, ಉಸ್ತಾದ, ಬರ್ಫ… ಎಲ್ಲಾ ಹೇಳಿದೆ. ಅಕಿ ಡಬ್ಬ ಹಾಕಿದ ಬಕೀಟಿನ ಮ್ಯಾಲ ಕುಂತಿದ್ಲು. ಅಳಲಿಲ್ಲ. 'ಮೂವತ್ತೊಂದು ವರ್ಷ ನಾ ಅವರ ಮ್ಯಾಲ ಸಿಟ್ಟಾಗಿದ್ದೆ' ಅಂದ್ಲು. 'ದಿನಾ ಸಂಜೀಕ ಫೋಟೋಕ್ಕ ದೀಪ ಹಚ್ಚತಿದ್ದೆ, ಹಚ್ಚೂವಾಗ ಮುಖಾ ನೋಡ್ತಿರಲಿಲ್ಲ.' ಎದ್ದು ಹೋಗಿ ಎರಡೂ ಕೈಲೆ ಬಾನೆಟ್ ಮುಚ್ಚಿದ್ಲು. ಗ್ಯಾರೇಜಿನಿಂದ ಅಡಗಿಮನಿಗೆ ಹೋಗೂ ಬಾಗಲಾ ಪೂರಾ ತೆರದು ಹಿಡದು, 'ತಿಳೀತ್ರಿ. ಒಳಗ ಬರ್ರಿ, ಮಳಿ ಐತಿ' ಅಂದ್ಲು. ಬಾಗಲಾ ಹಿಡಕೊಂಡು ಯಾರೋ ದಾಟಿ ಹೋಗೂ ತನಕ ನಿಂತ್ಲು. ಆಮ್ಯಾಲ ತಾನೂ ಒಳಗ ಹೋಗಿ ಹಾಕ್ಕೊಂಡ್ಲು. ನನ್ನ ಕರೀಲಿಲ್ಲ.

"ಆ ಮನ್ಯಾಗ ಬಾನೆಟ್ ಮತ್ತ ತೆರೀಲಿಲ್ಲ. ಎರಡು ವರ್ಷಕ್ಕ ಅಕಿನೂ ಹೋದ್ಲು, ಶಾಂತ ಹೋದ್ಲು. ಮುಗೀತು ಅಂತೀರೇನು? ಅಕಿ ಪ್ರಶ್ನೆ ಮುಗೀತು. ಅಂವಾ ಅಕಿ ಮನಿ ಬಿಟ್ಟ…"

ಬಸವಂತಪ್ಪನವರು ಕಿಟಕಿಯ ಕಡೆ ತಿರುಗಿದರು.

"ಈಗ ಇಂಥಾ ಮಳಿ ದಿವಸ ನಾ ಯಾವ ಗಾಡ್ಯಾಗ ಬಂದಿರ್ತೇನೋ ಆ ಗಾಡೀದು ತೆರೀತೈತಿ. ಹೊಸಾದಿರಲಿ, ಹಳೇದಿರಲಿ. ಯಾರರ ಮುಂದ ಕುಂತು ಈ ಕತಿ ಹೇಳಿದ್ರ ಮುಚ್ಚತೈತಿ. ಭಾನವ್ವಾ, ನಿನ್ನ ಕಾರು ನೋಡು ಬಾ. ಹೇಳಿದ್ದಾತು, ಈಗ ಮುಚ್ಚಿರಬೇಕು."

ಭಾನುಮತಿ ಎದ್ದಳು. ಹೆದರಿಕೆಯಾಗಲಿಲ್ಲ, ಗರ್ಭಗುಡಿಯ ತೆರೆ ಸರಿಯುವ ಮೊದಲಿನ ಗಳಿಗೆಯಲ್ಲಿ ಆಗುವಂತೆ ಮೈಯೆಲ್ಲ ಹಗುರಾಯಿತು. ಕಿಟಕಿಯ ಹತ್ತಿರ ಹೋಗಿ ಗಾಜಿಗೆ ಕೈ ಆನಿಸಿ ನೋಡಿದಳು. ಮನೆಯ ಮುಂದಿನ ದಾರಿಯಲ್ಲಿ, ಬೀದಿದೀಪದ ಕೆಳಗೆ, ಅವಳ ಬಿಳಿ ಕಾರು ನಿಂತಿತ್ತು. ಬಾನೆಟ್ಟು ಪೂರ್ತಿ ಮೇಲೆದ್ದಿತ್ತು. ಮಳೆ ನೇರವಾಗಿ ಅದರೊಳಕ್ಕೆ ಬೀಳುತ್ತಿತ್ತು.

"ತೆರೆದಿದೆ ಕಾಕಾ," ಎಂದಳು.

ಧೀರಜ್ ಓಡಿ ಬಂದು ಅವಳ ಭುಜದ ಮೇಲಿಂದ ನೋಡಿದ. "ಆಂಟಿ, ಲ್ಯಾಚ್ ಲೂಸಾಗಿರತ್ತೆ, ಗಾಳಿಗೆ…" ಎಂದು ಶುರು ಮಾಡಿದವನು ಮುಗಿಸಲಿಲ್ಲ. ಹೊರಗೆ ಗಾಳಿ ಇರಲಿಲ್ಲ.

ಮುದುಕರ ಮುಖ ಬೂದಿಯಂತಾಗಿತ್ತು. "ಹೇಳಿದೆನಲ್ಲೋ," ಎಂದರು, ಯಾರಿಗೋ. "ಎಲ್ಲಾ ಹೇಳಿದೆನಲ್ಲ. ಇಷ್ಟು ದಿನ ಇಷ್ಟಕ್ಕ ಮುಚ್ಚತಿತ್ತಲ್ಲೋ."

ಭಾನುಮತಿಗೆ ಆಗ ತನ್ನ ಅಜ್ಜನ ಓದು ನೆನಪಾಯಿತು. ತೀರ್ಥಹಳ್ಳಿಯ ಜಗಲಿಯಲ್ಲಿ ಅವರು ರಾಗವಾಗಿ ಓದುವಾಗ ಬೇಕೆಂದೇ ಒಂದು ಸಾಲು ನುಂಗಿಬಿಡುತ್ತಿದ್ದರು. ಎಲ್ಲಿ ಬಿಟ್ಟಿತೆಂದು ಮೊಮ್ಮಗಳು ಹೇಳಬೇಕು. ಅರ್ಥ ತಿಳಿಯದ ವಯಸ್ಸಿನಲ್ಲೂ ಕಿವಿಗೆ ತಿಳಿಯುತ್ತಿತ್ತು: ಷಟ್ಪದಿಯ ಆರು ಸಾಲಿನ ನಡಿಗೆಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಕತ್ತಲಲ್ಲಿ ಒಂದು ಮೆಟ್ಟಿಲು ಇಲ್ಲದ ಹಾಗೆ ಕಾಲು ಗಾಳಿಗೆ ಬೀಳುತ್ತದೆ. ಕಾಕಾ ಹೇಳುತ್ತಿರುವಾಗಲೂ ಒಂದು ಕಡೆ ಹಾಗಾಗಿತ್ತು.

"ಕಾಕಾ," ಎಂದಳು ಮೆತ್ತಗೆ, "ಒಂದು ಸಾಲು ಬಿಟ್ಟಿರಿ ಅನ್ನಿಸ್ತದೆ ನನಗೆ. ಆಗಸ್ಟಲ್ಲಿ ಬಿಚ್ಚಿದಿರಿ. ನವೆಂಬರ್ ಹದಿನೇಳಕ್ಕೆ ಅವರು ಹೋದರು. ನಡುವೆ ಅಕ್ಟೋಬರು ಇತ್ತಲ್ಲ. ಆ ತಿಂಗಳು ಥಂಡಿ ಮಳೆ ಬರಲೇ ಇಲ್ವಾ?"

ಬಸವಂತಪ್ಪನವರು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಗುಚಿಟ್ಟು ಅವನ್ನೇ ನೋಡುತ್ತಿದ್ದರು.

"ಬಂದಿತ್ತು," ಎಂದರು ಕಡೆಗೆ. "ಎರಡು ಸಲ ಬಂದಿತ್ತವ್ವಾ… ಎರಡೂ ಸಲ ಗಾಡಿ ನಿಂತಿತ್ತು. ಎರಡೂ ಸಲ ಅಂವಾ ಫೋನ್ ಮಾಡಿದ್ದ. 'ಬಸವಂತಾ, ಮಳ್ಯಾಗ ನಿಲ್ಲತೈತಿ, ಹತ್ತು ನಿಮಿಷಕ್ಕ ತಾನ ಶುರು ಆಗತೈತಿ, ಕಾರಣ ಏನು?' ಅಂದ. ಮದಲನೇ ಸಲ ನನಗ ಖರೇನ ತಿಳೀಲಿಲ್ಲ. ಎರಡನೇ ಸಲ ಗಾಡಿ ಪುಸ್ತಕ ತಗದು ನೋಡಿದೆ. ಚಿತ್ರ ಸಹಿತ ಇತ್ತು. ಮಳಿ, ಬರ್ಫ, ತಗಡು… ಎಲ್ಲಾ ಬರದಿದ್ರು. ಆ ತಗಡು ಆವಾಗ ಇನ್ನೂ ನನ್ನ ಗ್ಯಾರೇಜಿನ ಮೂಲ್ಯಾಗ ಬಿದ್ದಿತ್ತು ಭಾನವ್ವಾ. ಒಯ್ದು ಹಾಕಿದ್ರ ಅರ್ಧ ತಾಸಿನ ಕೆಲಸ. ಆದ್ರ ಏನಂತ ಹೇಳಬೇಕಿತ್ತು? ಎಲ್ಲಾರ ಮುಂದ ಅಂವಾ ನನ್ನ ಹೊಗಳಿಕೋಂತ ತಿರಗತಿದ್ದ, ಎಂಜಿನಿಯರ್ ಅಂದ್ರ ಬಸವಂತ ಅಂತ. ಆ ಬಾಯಿ ಮುಂದ ನಾ ತಪ್ಪು ಮಾಡೇನಿ ಅನ್ನಾಕ ನಾಲಿಗಿ ಏಳಲಿಲ್ಲ. 'ಪ್ಲಗ್ ಹಳೇವಾಗ್ಯಾವ, ಚಿಂತಿ ಮಾಡಬ್ಯಾಡ, ಹೊಡಿ ನೀ' ಅಂದೆ. ಹೊಡಿ ನೀ ಅಂದೆ! ಆ ಶನಿವಾರನ ತಗಡು ಕಸದ ಗಾಡಿಗೆ ಹಾಕಿದೆ… ಗಿರಿಜವ್ವಗೂ ಇದನ್ನ ಹೇಳಲಿಲ್ಲ. ಅಕಿ ಹೋಗೂ ತನಕ ನಾ ತಿಳೀದ ಮಾಡಿದ ತಪ್ಪು ಅಂತನ ನಂಬಿದ್ಲು."

ಸದಾಶಿವರು ಮುಖ ತಿರುಗಿಸಿಕೊಂಡರು. ಧೀರಜ್ ಗೋಡೆಗೆ ಒರಗಿ, ನೆಲಕ್ಕೆ ಜಾರಿ ಕುಳಿತ.

ಮುದುಕರು ಎರಡು ಸಲ ಏನೋ ಹೇಳಲು ಹೋಗಿ ತಡೆದು, ಕೊನೆಗೆ ತೀರ ದಣಿದ ದನಿಯಲ್ಲಿ ಅಂದರು:

"ಈಗ ನೋಡವ್ವಾ. ಮುಚ್ಚಿದ್ರ ನನ್ನ ಮನಿಗೆ ಬಿಟ್ಟು ಬಾ, ಹೋಗೂನು. ಮುಚ್ಚಿಲ್ಲಂದ್ರ… ಕುಂದ್ರು. ಹೇಳೂದು ಇನ್ನೂ ಐತಿ ಅಂತಾತು."

ಭಾನುಮತಿ ಗಾಜಿನ ಮೇಲಿನ ಹಬೆ ಒರೆಸಿ ಹೊರಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಿಂತಿರುಗಿ ಬಂದು, ದೀಪಕ್ಕೆ ಎಣ್ಣೆ ಹಾಕಿ, ಸೆರಗು ಹೊದ್ದು, ಮುದುಕರ ಎದುರಿಗೆ ಕುಳಿತಳು.